ಚಿಕ್ಕ ಭೂಪಟದ ಐತಿಹಾಸಿಕ ಯುದ್ಧತಂತ್ರದ ಆಟಗಳನ್ನು ಆಡುವ ಕ್ರಮ

ಜಗತ್ತನ್ನೇ ಗೆಲ್ಲುವ ಕಂಪ್ಯೂಟರ್ ಆಟಗಳಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲಿ ಯಾವ ಊರು ಎಲ್ಲಿದೆಯೆಂಬುದೇ ಮರೆತುಹೋಗುವುದರಿಂದ, ಹೊಸಬರು ಒಂದು ಪ್ರದೇಶ ಮತ್ತು ಒಂದು ಕಾಲಕ್ಕೆ ಸೀಮಿತವಾದ ಆಟವನ್ನು ಆರಿಸಿಕೊಳ್ಳುವುದು ಒಳಿತು. 2018ರ ‘ಟೋಟಲ್ ವಾರ್ ಸಾಗಾ: ಥ್ರೋನ್ಸ್ ಆಫ್ ಬ್ರಿಟಾನಿಯಾ’ ಅಂಥದ್ದು, ಕ್ರಿ.ಶ. 878ರ ಬ್ರಿಟನ್ ಮತ್ತು ಐರ್ಲೆಂಡ್ ಮಾತ್ರ ಅದರ ರಂಗ.

ಆಟ ತೆರೆದೊಡನೆ ಸೈನ್ಯವನ್ನು ಕದಲಿಸದೆ, ಮೊದಲು ನೆರೆಯ ಊರುಗಳನ್ನೂ ಅವುಗಳ ನಡುವಿನ ದಾರಿಗಳನ್ನೂ ನಿಧಾನವಾಗಿ ನೋಡಿಕೊಳ್ಳಿ. ಅನಂತರ ದವಸದ ಲೆಕ್ಕ. ಶತ್ರುವಿನ ನೆಲದಲ್ಲಿ ಸೈನ್ಯದ ಸಂಗ್ರಹ ಕರಗುತ್ತ ಹೋಗುತ್ತದೆ ಎಂಬುದನ್ನು ಮೈಸೂರು, ಮಂಡ್ಯದ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ: 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯದ ಮೇಲೆ ಗೆದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, ಶ್ರೀರಂಗಪಟ್ಟಣ ಕಣ್ಣೆದುರಿಗಿದ್ದರೂ, ದವಸ ತೀರಿ, ಎತ್ತುಗಳು ಸತ್ತು, ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಇಂಥ ಪೇಚು ದೊಡ್ಡ ಭೂಪಟದಲ್ಲಿ ಬರಿಯ ಅಂಕಿಯಾಗಿ ಕಳೆದುಹೋಗುತ್ತದೆ. ಚಿಕ್ಕದರಲ್ಲಿ ಆಟವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ, ನನಗಂತೂ ಹಿಡಿಸುವುದು ಇದೇ.

ಈ ಆಟದಲ್ಲಿ ಸಣ್ಣ ಊರುಗಳಿಗೆ ಕಾವಲುಪಡೆಯಿಲ್ಲವಾದ್ದರಿಂದ, ಕೋಟೆಗೆ ಮುತ್ತಿಗೆ ಹಾಕುವ ಮೊದಲು ಸುತ್ತಲಿನ ಊರುಗಳನ್ನು ವಶಪಡಿಸಿಕೊಳ್ಳಿ. ನಿಮ್ಮ ಊರುಗಳೂ ಹಾಗೆಯೇ ಬರಿದಾಗಿರುವುದರಿಂದ ಗಡಿಯಲ್ಲಿ ಒಂದು ತುಕಡಿಯನ್ನು ಉಳಿಸಿಕೊಂಡೇ ಹೊರಡಿ.