ಸ್ಪೋರ್ ಸತ್ತಿದೆಯೋ, ಬರೀ ತಡೆದು ನಿಂತಿದೆಯೋ: ಲ್ಯಾಬ್‌ನಲ್ಲಿ ಪರೀಕ್ಷಿಸುವ ಬಗೆ

ಅಗಾರ್ ಪ್ಲೇಟ್ ಮೇಲೆ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಬರಲಿಲ್ಲ ಎಂದ ಮಾತ್ರಕ್ಕೆ ಸ್ಪೋರ್, ಅಂದರೆ ಕೆಲ ಬ್ಯಾಕ್ಟೀರಿಯಾಗಳ ಗಟ್ಟಿ ಕವಚದ ಸುಪ್ತ ರೂಪ, ಸತ್ತಿತು ಎಂದು ಬರೆದುಬಿಡುವಂತಿಲ್ಲ. ಸೋಂಕುನಿವಾರಕದ ಪರೀಕ್ಷೆಗಳು ಹೆಚ್ಚಾಗಿ ಎಡವುವುದು ಇಲ್ಲೇ.

ನಾನು ಬಳಸುವುದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ. ಅದು ಸ್ಪೋರ್ ಕಟ್ಟಲೆಂದು ನ್ಯೂಟ್ರಿಯೆಂಟ್ ಅಗಾರ್‌ಗೆ ಲೀಟರಿಗೆ 5 ಮಿ.ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿ, 37 ಡಿಗ್ರಿಯಲ್ಲಿ ಐದರಿಂದ ಏಳು ದಿನ ಇಡುತ್ತೇನೆ. ಸ್ಲೈಡ್‌ಗೆ ಮ್ಯಾಲಕೈಟ್ ಗ್ರೀನ್ ಹಾಕಿ ಐದು ನಿಮಿಷ ಹಬೆ ಕೊಟ್ಟು, ತೊಳೆದು, ಸಾಫ್ರನಿನ್ ಬಿಟ್ಟರೆ ಸ್ಪೋರ್ ಹಸಿರಾಗಿ, ಉಳಿದ ಕೋಶ ಕೆಂಪಾಗಿ ಕಾಣುತ್ತದೆ. ನೂರಕ್ಕೆ ತೊಂಬತ್ತಾದರೂ ಹಸಿರಾಗುವ ತನಕ ಕಾಯಬೇಕು. ಆಮೇಲೆ ತಣ್ಣನೆಯ ಸ್ಟೆರೈಲ್ ನೀರಿನಲ್ಲಿ ನಾಲ್ಕು ಸಲ ಸೆಂಟ್ರಿಫ್ಯೂಜ್ ಮಾಡಿ ತೊಳೆದು, 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ಫ್ರಿಜ್‌ಗೆ. ತೊಳೆಯಲು ಸೋಮಾರಿತನ ಮಾಡಿದರೆ ಸತ್ತ ಕೋಶಗಳ ಕಸವೇ ಬ್ಲೀಚ್‌ನ ಕ್ಲೋರಿನ್ ತಿಂದುಹಾಕುತ್ತದೆ, ಸ್ಪೋರ್ ತನಗಿಲ್ಲದ ಗಟ್ಟಿತನ ತೋರುತ್ತದೆ.

ಮಿ.ಲೀ.ಗೆ ಹತ್ತು ಕೋಟಿ ಸ್ಪೋರ್ ಇರುವ ದ್ರಾವಣದ 0.1 ಮಿ.ಲೀ. ಅನ್ನು 9.9 ಮಿ.ಲೀ. ಸೋಂಕುನಿವಾರಕಕ್ಕೆ ಬಿಟ್ಟರೆ ಮಿ.ಲೀ.ಗೆ ಹತ್ತು ಲಕ್ಷ ಸಿಗುತ್ತದೆ. ಸೋಂಕುನಿವಾರಕ ಬ್ಲೀಚ್ ಆದರೆ ಕ್ಲೋರಿನ್ 5000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 5000 ಭಾಗ) ಇರಬೇಕು. ಬರೀ ನೀರು ಬೆರೆಸಿದ ಬ್ಲೀಚ್‌ನ ಪಿಎಚ್ 11ರ ಆಸುಪಾಸು ಇರುತ್ತದೆ. ಅಲ್ಲಿ ಕ್ಲೋರಿನ್ ಹೈಪೋಕ್ಲೋರೈಟ್ ಅಯಾನಾಗಿ ಕೂತಿದ್ದು, ಕೆಲಸ ನಿಧಾನ. ಪಿಎಚ್ 7ಕ್ಕೆ ಇಳಿಸಿದರೆ ಹೈಪೋಕ್ಲೋರಸ್ ಆಮ್ಲವಾಗಿ ಚುರುಕಾಗುತ್ತದೆ. ಮೊದಲು ನೀರು ಬೆರೆಸಿ, ನಂತರ ಫ್ಯೂಮ್ ಹುಡ್‌ನಲ್ಲೇ ಅಸಿಟಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಬೇಕು. ನೀರು ಬೆರೆಸದ ಬ್ಲೀಚ್‌ಗೆ ಆಮ್ಲ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಟಲಿ ಮೇಲಿನ ಶೇಕಡಾವಾರು ನಂಬದೆ ಅಯೋಡೈಡ್, ಥಯೋಸಲ್ಫೇಟ್ ಟೈಟ್ರೇಷನ್ ಮಾಡಿ ನೋಡಿ. ಹಳೇ ಬ್ಲೀಚ್‌ನಲ್ಲಿ ಅರ್ಧವೂ ಉಳಿದಿರದೇ ಇರಬಹುದು.

ಸೋಂಕುನಿವಾರಕದಲ್ಲಿ ಇಡುವ ಅವಧಿ ಮುಗಿದ ತಕ್ಷಣ 1 ಮಿ.ಲೀ. ತೆಗೆದು, ಕ್ಲೋರಿನ್ ಕೆಲಸ ನಿಲ್ಲಿಸುವ ನ್ಯೂಟ್ರಲೈಸರ್‌ಗೆ, ಅಂದರೆ 0.5% ಸೋಡಿಯಂ ಥಯೋಸಲ್ಫೇಟ್ ಇರುವ 9 ಮಿ.ಲೀ. ದ್ರಾವಣಕ್ಕೆ ಬಿಟ್ಟು, ಆಮೇಲೆ ಪ್ಲೇಟಿಗೆ ಹಾಕಬೇಕು. ಗ್ಲುಟರಾಲ್ಡಿಹೈಡ್‌ಗೆ ಗ್ಲೈಸಿನ್, ಕ್ವಾಟರ್ನರಿ ಅಮೋನಿಯಂಗೆ ಲೆಸಿಥಿನ್ ಮತ್ತು ಟ್ವೀನ್ 80 (ಸೋಪಿನಂಥ ಡಿಟರ್ಜೆಂಟ್). ಈ ಹಂತ ಕೈಬಿಟ್ಟರೆ ಪ್ಲೇಟಿಗೆ ಹೋದ ಅಲ್ಪಸ್ವಲ್ಪ ರಾಸಾಯನಿಕವೇ ಸ್ಪೋರ್ ಮೊಳೆಯದಂತೆ ತಡೆದು, ಕಾಲೊನಿ ಸೊನ್ನೆಯಾಗುತ್ತದೆ. ಹಾಗಾಗಿ ಎರಡು ಕಂಟ್ರೋಲ್ ಕಡ್ಡಾಯ: ಬರೀ ನ್ಯೂಟ್ರಲೈಸರ್‌ಗೆ ಸ್ಪೋರ್, ಮತ್ತು ನ್ಯೂಟ್ರಲೈಸ್ ಆದ ಸೋಂಕುನಿವಾರಕಕ್ಕೆ ಹೊಸ ಸ್ಪೋರ್. ಎರಡರಲ್ಲೂ ಪೂರ್ತಿ ಎಣಿಕೆ ಬರಬೇಕು. ಪ್ಲೇಟನ್ನು 24 ಗಂಟೆಗೇ ಎಸೆಯಬೇಡಿ. ಪೆಟ್ಟು ತಿಂದ ಸ್ಪೋರ್ ತಡವಾಗಿ ಏಳುತ್ತದೆ, 72 ಗಂಟೆ ಇಡಿ.

70% ಆಲ್ಕೋಹಾಲ್‌ನಲ್ಲಿ ಎಣಿಕೆ ಇಳಿಯುವುದೇ ಇಲ್ಲ. ಕ್ವಾಟರ್ನರಿ ಅಮೋನಿಯಂ, ಫೀನಾಲ್ ಸ್ಪೋರನ್ನು ತಡೆದಿಡುತ್ತವೆ ಅಷ್ಟೆ, ತೊಳೆದರೆ ಮತ್ತೆ ಬೆಳೆಯುತ್ತದೆ. ಆಕ್ಟಿವೇಟ್ ಮಾಡಿದ 2% ಗ್ಲುಟರಾಲ್ಡಿಹೈಡ್ ಕೊಲ್ಲುತ್ತದೆ, ಆದರೆ ಸೋಂಕು ನಿವಾರಣೆಗೆ ಹೇಳುವ 20 ನಿಮಿಷದ ಲೆಕ್ಕ ಸ್ಪೋರ್‌ಗಲ್ಲ. ಸ್ಟೆರಿಲೈಸ್ ಆಗಲು 10 ಗಂಟೆ ಬೇಕು.

ಮೊದಲು ಸರಸರನೆ ಇಳಿದ ಎಣಿಕೆ ಕೊನೆಗೆ ಒಂದು ಮಟ್ಟದಲ್ಲಿ ನಿಂತುಬಿಟ್ಟರೆ, ಸ್ಪೋರ್‌ಗೆ ನಿರೋಧಕ ಶಕ್ತಿ ಬಂದಿದೆ ಎನ್ನುವ ಮೊದಲು ದ್ರಾವಣವನ್ನು ಮೈಕ್ರೋಸ್ಕೋಪ್ ಕೆಳಗೆ ನೋಡಿ. ಸಾಮಾನ್ಯವಾಗಿ ಅಲ್ಲಿ ಗಂಟುಗಟ್ಟಿದ ಸ್ಪೋರ್ ಇರುತ್ತದೆ. ಒಳಗಿನವಕ್ಕೆ ಕ್ಲೋರಿನ್ ತಲುಪಿರುವುದಿಲ್ಲ. 0.1% ಟ್ವೀನ್ 80 ಹಾಕಿ ಚೆನ್ನಾಗಿ ವೋರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಜೋರಾಗಿ ಕಲಕಿ), ಟ್ವೀನ್ ಹೋಗುವಂತೆ ಇನ್ನೊಮ್ಮೆ ತೊಳೆದು, ಪರೀಕ್ಷೆ ಮರುಮಾಡಿ.