ಕುಂಟುವ ಕಾಲು, ಕರಗದ ಗಂಟು: ನಾಯಿ ಬೆಕ್ಕುಗಳ ಸಾರ್ಕೋಮಾ ಎದುರಿಸುವ ಬಗೆ

ನನ್ನ ಮೇಜಿನ ಮೇಲೆ ಬರುವ ನಾಯಿಗಳ ಗಂಟುಗಳಲ್ಲಿ ಬಹಳಷ್ಟು ಬರೀ ಕೊಬ್ಬಿನ ಗಂಟುಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತಾ ಓದುತ್ತಾ ನಿಮ್ಮ ಕೈ ಆಗಲೇ ನಾಯಿಯ ಪಕ್ಕೆ ತಡವಲು ಹೋಗಿರುತ್ತದೆ. ಆದರೆ ಮುಟ್ಟಿ ನೋಡಿ ‘ಇದು ಕೊಬ್ಬು, ಬಿಡಿ’ ಅನ್ನುವ ಕೈಯನ್ನು ನಾನು ನಂಬುವುದಿಲ್ಲ. ನನ್ನ ಕೈಯೂ ಅದರಲ್ಲಿ ಸೇರಿತು. ಸಣ್ಣ ಪ್ರಾಣಿಗಳ ಶಸ್ತ್ರಚಿಕಿತ್ಸೆ ನನ್ನ ದಿನನಿತ್ಯದ ಕೆಲಸ. ಅದರಿಂದ ನಾನು ಪಟ್ಟುಹಿಡಿದು ಹೇಳುವ ಮಾತು ಒಂದೇ: ಸಾರ್ಕೋಮಾದಲ್ಲಿ ಕತ್ತಿ ಇಡುವುದಕ್ಕೆ ಮುಂಚೆ ನಡೆಯುವ ಕೆಲಸವೇ ಮುಕ್ಕಾಲು ಚಿಕಿತ್ಸೆ.

ಕೊಬ್ಬು, ಸ್ನಾಯು, ನರದ ಹೊದಿಕೆ, ರಕ್ತನಾಳದ ಗೋಡೆ, ಮೃದ್ವಸ್ಥಿ, ಮೂಳೆ ಹೀಗೆ ದೇಹವನ್ನು ಕಟ್ಟಿ ಹಿಡಿದಿರುವ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳಿಗೆಲ್ಲ ಸಾರ್ಕೋಮಾ ಎಂಬ ಒಂದೇ ಮನೆಹೆಸರು. ಮೂಳೆಯದ್ದು ಆಸ್ಟಿಯೋಸಾರ್ಕೋಮಾ, ಮೃದ್ವಸ್ಥಿಯದ್ದು ಕಾಂಡ್ರೋಸಾರ್ಕೋಮಾ, ನಾರಿನ ಅಂಗಾಂಶದ್ದು ಫೈಬ್ರೋಸಾರ್ಕೋಮಾ. ಗುಲ್ಮದಲ್ಲಿ ರಕ್ತನಾಳದಿಂದ ಹುಟ್ಟಿ ಒಡೆದು ರಕ್ತ ಸುರಿಸುವ ಹಿಮಾಂಜಿಯೋಸಾರ್ಕೋಮಾ ಕೂಡ ಇದೇ ವಂಶ. ಅದರ ಕಥೆಯೇ ಬೇರೆ, ಇಲ್ಲಿ ಎತ್ತಿಕೊಳ್ಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ನಾಯಿ ಇದ್ದಕ್ಕಿದ್ದಂತೆ ಕುಸಿದು ಬಿದ್ದು ಒಸಡು ಬೆಳ್ಳಗಾಗಿದ್ದರೆ ಈ ಲೇಖನ ಬಿಟ್ಟು ಆಸ್ಪತ್ರೆಗೆ ಓಡಿ.

ಚರ್ಮದ ಕೆಳಗಿನ ಗಂಟು

ಒಂದು ಸೆಂಟಿಮೀಟರ್ ದಾಟಿದ, ತಿಂಗಳಾದರೂ ಹಾಗೇ ಉಳಿದ ಗಂಟಿಗೆ ಸೂಜಿ ಪರೀಕ್ಷೆ ಮಾಡಿಸಿ. ಕಣ್ಣೆದುರೇ ಬೆಳೆಯುತ್ತಿದ್ದರೆ ತಿಂಗಳು ಕಾಯುವುದೂ ಬೇಡ. ಬೆಳೆದಿದೆಯೋ ಇಲ್ಲವೋ ಎಂಬುದನ್ನು ನೆನಪಿನ ಮೇಲೆ ನಿರ್ಧರಿಸಬೇಡಿ. ಕೂದಲು ಬದಿಗೆ ಸರಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದಿಡಿ. ವೈದ್ಯರಿಗೆ ಆ ಎರಡು ಫೋಟೋ ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಉಪಯೋಗಕ್ಕೆ ಬರುತ್ತವೆ.

ಸೂಜಿ ಪರೀಕ್ಷೆಗೆ ಅರಿವಳಿಕೆ ಬೇಕಾಗುವುದು ಅಪರೂಪ. ಕೀವು, ಕೊಬ್ಬು, ಮಾಸ್ಟ್ ಸೆಲ್ ಗೆಡ್ಡೆ (ನಾಯಿಗಳ ಚರ್ಮದ ಇನ್ನೊಂದು ಕ್ಯಾನ್ಸರ್) ಇವು ಸೂಜಿಯಲ್ಲೇ ಸಿಕ್ಕಿಬೀಳುತ್ತವೆ. ಸಾರ್ಕೋಮಾ ಮಾತ್ರ ಜಿಪುಣ. ಅದರ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಸೂಜಿಗೆ ಸುಲಭವಾಗಿ ಬರುವುದಿಲ್ಲ. ಹಾಗಾಗಿ ‘ಬರೀ ರಕ್ತ ಬಂತು, ಏನೂ ಇಲ್ಲ’ ಎಂಬ ವರದಿಗೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗಬೇಡಿ. ಗಂಟು ಗಟ್ಟಿಯಾಗಿದ್ದು, ಕೆಳಗಿನ ಮಾಂಸಕ್ಕೆ ಕಚ್ಚಿಕೊಂಡಿದ್ದರೆ ಮುಂದಿನ ಹೆಜ್ಜೆ ಬಯಾಪ್ಸಿ.

ಇಲ್ಲೇ ಬಹಳ ಮಂದಿ ದಾರಿ ತಪ್ಪುವುದು. ‘ಚಿಕ್ಕದಾಗಿದೆಯಲ್ಲ, ಪೂರ್ತಿ ತೆಗೆದೇ ಲ್ಯಾಬಿಗೆ ಕಳಿಸೋಣ’ ಎಂಬ ಸಲಹೆ ಕೇಳಲು ಹಿತವಾಗಿರುತ್ತದೆ. ಸಾರ್ಕೋಮಾ ತನ್ನ ಸುತ್ತ ಒಂದು ಹುಸಿ ಕವಚ ಕಟ್ಟಿಕೊಂಡಿರುತ್ತದೆ. ಬೆರಳು ಹಾಕಿದರೆ ಗಂಟು ಅಂದವಾಗಿ ಬಿಡಿಸಿಕೊಂಡು ಹೊರಗೆ ಬರುತ್ತದೆ, ನೋಡಿದವರಿಗೆಲ್ಲ ಸಂತೋಷ. ಆದರೆ ಆ ಕವಚವೇ ಒತ್ತಿಕೊಂಡ ಕ್ಯಾನ್ಸರ್ ಜೀವಕೋಶಗಳ ಪದರ; ಅದರಾಚೆಗೂ ಎಳೆಗಳು ಹರಿದಿರುತ್ತವೆ. ಗರಿಕೆಯನ್ನು ಮೇಲೆ ಮೇಲೆ ಚಿವುಟಿದರೆ ಏನಾಗುತ್ತದೋ ಇಲ್ಲೂ ಅದೇ. ಎರಡನೇ ಸಲ ಬಂದಾಗ ಅದು ಹಳೆಯ ಗಾಯದ ಉದ್ದಗಲಕ್ಕೂ ಹರಡಿಕೊಂಡಿರುತ್ತದೆ, ತೆಗೆಯಲು ಬೇಕಾದ ಚರ್ಮ ಉಳಿದಿರುವುದಿಲ್ಲ.

ಆದ್ದರಿಂದ ಮೊದಲು ಒಂದು ಚೂರು ಮಾತ್ರ. ದಪ್ಪ ಸೂಜಿಯಲ್ಲಿ ಎಳೆದದ್ದಾಗಲಿ, ಸಣ್ಣದಾಗಿ ಕೊಯ್ದದ್ದಾಗಲಿ, ಪೆಥಾಲಜಿಸ್ಟ್ ನೋಡಲಿ. ಬಯಾಪ್ಸಿಗೆ ಒಪ್ಪುವ ಮೊದಲು ವೈದ್ಯರನ್ನು ಎರಡು ಪ್ರಶ್ನೆ ಕೇಳಿ. ಮುಂದಿನ ದೊಡ್ಡ ಆಪರೇಷನ್ ಮಾಡುವವರು ಯಾರು? ಬಯಾಪ್ಸಿ ಮಾಡಿದ ಜಾಗ ಆ ಆಪರೇಷನ್‌ನಲ್ಲಿ ಪೂರ್ತಿ ಹೊರಗೆ ಬರುತ್ತದೆಯೇ? ಕಾಲಿನ ಮೇಲಿನ ಗಂಟಾದರೆ ಕೊಯ್ತ ಕಾಲಿನ ಉದ್ದಕ್ಕೇ ಇರಬೇಕು, ಅಡ್ಡಡ್ಡ ಇರಬಾರದು. ಈ ಪ್ರಶ್ನೆ ಕೇಳಿದರೆ ಒಳ್ಳೆಯ ಶಸ್ತ್ರವೈದ್ಯರಿಗೆ ಸಿಟ್ಟು ಬರುವುದಿಲ್ಲ. ಬಂದರೆ, ಅದೂ ಒಂದು ಮಾಹಿತಿಯೇ.

ನಿಜವಾದ ಆಪರೇಷನ್‌ನಲ್ಲಿ ಗಂಟಿನ ಸುತ್ತ 2ರಿಂದ 3 ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶ, ಅಡಿಯಲ್ಲಿ ಸ್ನಾಯುವಿನ ಹೊದಿಕೆಯ ಒಂದು ಇಡೀ ಪದರ, ಎಲ್ಲ ಸೇರಿ ಒಂದೇ ತುಂಡಾಗಿ ಬರಬೇಕು. ಹೆಬ್ಬೆರಳಿನಷ್ಟು ಗಂಟಿಗೆ ಅಂಗೈ ಅಗಲದ ಗಾಯ ನೋಡಿ ಮನೆಯವರು ನನ್ನತ್ತ ಕೆಂಗಣ್ಣು ಬಿಡುವುದುಂಟು. ಬಿಡಲಿ. ತೆಗೆದ ಅಂಚಿಗೆ ಶಾಯಿ ಬಳಿದು, ತುಂಡಿನ ಹತ್ತು ಪಟ್ಟು ಫಾರ್ಮಾಲಿನ್‌ನಲ್ಲಿ ಮುಳುಗಿಸಿ ಲ್ಯಾಬಿಗೆ ಕಳಿಸಬೇಕು; ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಗೊತ್ತಾಗುವುದು ಆ ಶಾಯಿಯಿಂದಲೇ.

ವರದಿ ಬಂದಾಗ ಉದ್ದನೆಯ ಹೆಸರುಗಳಿಗೆ ಹೆದರಬೇಡಿ. ಗ್ರೇಡ್ (ಕ್ಯಾನ್ಸರ್ ಎಷ್ಟು ಉಗ್ರ ಎಂಬ 1ರಿಂದ 3ರ ಅಳತೆ) ಎಷ್ಟು, ಅಂಚು ಶುದ್ಧವೋ ಅಲ್ಲವೋ ಎಂಬೆರಡನ್ನು ಹುಡುಕಿ. ನಾಯಿಗಳ ಚರ್ಮದಡಿಯ ಸಾರ್ಕೋಮಾಗಳಲ್ಲಿ ಗ್ರೇಡ್ 1 ಮತ್ತು 2 ದೂರದ ಅಂಗಗಳಿಗೆ ಹರಡುವುದು ಶೇ. 15ರೊಳಗೆ, ಗ್ರೇಡ್ 3 ಹರಡುವುದು ಶೇ. 40ರಿಂದ 50. ಅಂಚು ಶುದ್ಧವಿಲ್ಲದಿದ್ದರೆ ಹಳೆಯ ಗಾಯವನ್ನೇ ಅಗಲವಾಗಿ ಮತ್ತೆ ತೆಗೆಯಬಹುದು, ಇಲ್ಲವೇ ವಿಕಿರಣ ಕೊಡಿಸಬಹುದು. ಮುಪ್ಪಾದ ನಾಯಿ, ಗ್ರೇಡ್ 1 ಗೆಡ್ಡೆ ಎಂದಾದರೆ ತಿಂಗಳಿಗೊಮ್ಮೆ ತಡವಿ ನೋಡುತ್ತಾ ಕಾಯುವುದೂ ಮರ್ಯಾದಸ್ಥ ತೀರ್ಮಾನವೇ, ಯಾಕೆಂದರೆ ಅಂತಹವು ಎಲ್ಲವೂ ಮರಳಿ ಬರುವುದಿಲ್ಲ. ಒಂದು ಅಪವಾದ ನೆನಪಿರಲಿ. ಗೋಲ್ಡನ್ ರಿಟ್ರೀವರ್‌ನಂಥ ನಾಯಿಯ ದವಡೆಯ ಫೈಬ್ರೋಸಾರ್ಕೋಮಾ ವರದಿಯಲ್ಲಿ ಸಾಧುವಾಗಿ ಕಂಡು ಮೂಳೆಯನ್ನು ಪುಂಡನಂತೆ ತಿನ್ನುತ್ತದೆ. ಅಲ್ಲಿ ಕಾಗದಕ್ಕಿಂತ ಬಾಯಿಯನ್ನು ನಂಬಬೇಕು.

ಬೆಕ್ಕಿದ್ದವರು ಇದನ್ನು ಓದಿ

ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಸಾರ್ಕೋಮಾ ಹುಟ್ಟುವುದು ಬೆಕ್ಕುಗಳ ವಿಚಿತ್ರ ದುರದೃಷ್ಟ. 1991ರಿಂದ ಇದು ವೈದ್ಯಲೋಕಕ್ಕೆ ಗೊತ್ತಿದೆ. ಲಸಿಕೆಯ ನಂತರ ಸಣ್ಣ ಗಂಟಾಗುವುದು ಸಾಮಾನ್ಯ, ಬಹುತೇಕ ತಾನೇ ಕರಗುತ್ತದೆ. ಲೆಕ್ಕ ಸುಲಭ, 3-2-1: ಮೂರು ತಿಂಗಳಾದರೂ ಉಳಿದಿದೆ, ಎರಡು ಸೆಂಟಿಮೀಟರ್ ಮೀರಿದೆ, ಒಂದು ತಿಂಗಳ ಬಳಿಕವೂ ಬೆಳೆಯುತ್ತಿದೆ. ಈ ಮೂರರಲ್ಲಿ ಒಂದು ಹೌದಾದರೂ ಬಯಾಪ್ಸಿ. ಚೂರು ತೆಗೆಯುವ ಬಯಾಪ್ಸಿ ಮಾತ್ರ, ಪೂರ್ತಿ ಕಿತ್ತು ತೆಗೆಯುವುದಂತೂ ಬೇಡವೇ ಬೇಡ. ಇದರ ಬೇರು ಎಷ್ಟು ಆಳವೆಂದರೆ ಆಪರೇಷನ್‌ಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿ, ಸುತ್ತ 5 ಸೆಂಟಿಮೀಟರ್, ಅಡಿಯಲ್ಲಿ ಎರಡು ಪದರ ಬಿಡದೆ ತೆಗೆಯಬೇಕಾಗುತ್ತದೆ. ಭುಜಗಳ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಲಸಿಕೆಯನ್ನು ಕಾಲಿನ ಕೆಳಭಾಗದಲ್ಲಿ ಕೊಡಿಸಿ, ಯಾವ ಕಾಲು ಎಂದು ಪುಸ್ತಕದಲ್ಲಿ ಬರೆಸಿ. ಹೆದರಿ ಲಸಿಕೆ ನಿಲ್ಲಿಸಬೇಡಿ. ಈ ಗೆಡ್ಡೆ ಬಹಳ ಅಪರೂಪ, ರೇಬಿಸ್ ಬಂದರೆ ಸಾವು ಖಚಿತ.

ದೊಡ್ಡ ನಾಯಿ ಕುಂಟಿದರೆ

ಭೀಮ ಎಂಬ ಗ್ರೇಟ್ ಡೇನ್ ನನ್ನಲ್ಲಿಗೆ ಬಂದಾಗ ಅದರ ಮುಂಗಾಲಿನ ಮಣಿಕಟ್ಟಿನ ಮೇಲ್ಭಾಗ ಸ್ವಲ್ಪ ಊದಿತ್ತು, ಅಷ್ಟೇ. ಆಟದಲ್ಲಿ ಉಳುಕಿದೆ ಎಂದು ನೋವಿನ ಮಾತ್ರೆ ಕೊಡಿಸಿದ್ದರು, ನಾಲ್ಕು ದಿನ ಚೆನ್ನಾಗಿ ನಡೆದಿತ್ತು, ಮತ್ತೆ ಕುಂಟಲು ಶುರು. ಈ ‘ಮಾತ್ರೆಗೆ ಕಡಿಮೆ, ಮಾತ್ರೆ ಬಿಟ್ಟರೆ ಮತ್ತೆ’ ಎನ್ನುವುದೇ ನನ್ನ ಕಿವಿ ನಿಮಿರಿಸುವ ಮಾತು. ಮಾತ್ರೆಗೆ ನೋವು ಇಳಿಯಿತು ಎಂದರೆ ಉಳುಕು ಎಂದು ಸಾಬೀತಾಗುವುದಿಲ್ಲ. ಮೂಳೆ ಕ್ಯಾನ್ಸರಿನ ನೋವೂ ಮೊದಮೊದಲು ಇಳಿಯುತ್ತದೆ.

ನಾಯಿಗಳ ಮೂಳೆಯಲ್ಲೇ ಹುಟ್ಟುವ ಗೆಡ್ಡೆಗಳಲ್ಲಿ ಸುಮಾರು ಶೇ. 85 ಆಸ್ಟಿಯೋಸಾರ್ಕೋಮಾ. ರಾಟ್‌ವೈಲರ್, ಗ್ರೇಹೌಂಡ್, ಸೇಂಟ್ ಬರ್ನಾರ್ಡ್, ಐರಿಷ್ ವುಲ್ಫ್‌ಹೌಂಡ್ ಹೀಗೆ ಎತ್ತರದ, ಭಾರದ ತಳಿಗಳಲ್ಲಿ ಹೆಚ್ಚು, ಸಾಮಾನ್ಯವಾಗಿ ಏಳೆಂಟು ವರ್ಷದ ಆಸುಪಾಸು. ಎರಡು ವರ್ಷ ತುಂಬದ ಮರಿಗಳಲ್ಲೂ ಬರುವುದುಂಟು, ‘ಇನ್ನೂ ಮರಿ’ ಎಂದು ತಳ್ಳಿಹಾಕಬೇಡಿ. ಜಾಗ ನೆನಪಿಡುವ ಉಪಾಯವಿದೆ: ಮುಂಗಾಲಿನಲ್ಲಿ ಮೊಣಕೈಯಿಂದ ದೂರ, ಹಿಂಗಾಲಿನಲ್ಲಿ ಮಂಡಿಗೆ ಹತ್ತಿರ. ಅಂದರೆ ಭುಜದ ಬಳಿ, ಮಣಿಕಟ್ಟಿನ ಬಳಿ, ಮಂಡಿಯ ಮೇಲೆ ಕೆಳಗೆ.

ದೊಡ್ಡ ತಳಿಯ ನಾಯಿ ಎರಡು ವಾರದ ಮೇಲೂ ಕುಂಟುತ್ತಿದ್ದರೆ ನೋವಿರುವ ಜಾಗದ ಎಕ್ಸ್‌ರೇ ಎರಡು ಕೋನದಲ್ಲಿ ತೆಗೆಸಿ. ಊತ ಕಂಡರೆ ಎರಡು ವಾರವೂ ಬೇಡ. ಆಸ್ಟಿಯೋಸಾರ್ಕೋಮಾದಲ್ಲಿ ಮೂಳೆ ಒಂದು ಕಡೆ ಹುಳು ತಿಂದಂತೆ ಕರಗಿರುತ್ತದೆ, ಇನ್ನೊಂದು ಕಡೆ ಅಡ್ಡಾದಿಡ್ಡಿ ಹೊಸ ಮೂಳೆ ಚಿಗುರಿರುತ್ತದೆ. ಸಾಮಾನ್ಯವಾಗಿ ಅದು ಕೀಲನ್ನು ದಾಟುವುದಿಲ್ಲ. ಕೀಲಿನ ಎರಡೂ ಬದಿ ಹಾಳಾಗಿದ್ದರೆ ನಾನು ಸೋಂಕು ಅಥವಾ ಹಿಸ್ಟಿಯೋಸೈಟಿಕ್ ಸಾರ್ಕೋಮಾದತ್ತ (ರೋಗನಿರೋಧಕ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್) ತಿರುಗುತ್ತೇನೆ. ಮೂಳೆಯ ಶಿಲೀಂಧ್ರ ಸೋಂಕೂ ಎಕ್ಸ್‌ರೇಯಲ್ಲಿ ಇದೇ ವೇಷ ಹಾಕಬಲ್ಲದು, ಆದ್ದರಿಂದ ಚಿತ್ರ ಒಂದನ್ನೇ ನೋಡಿ ಕಾಲು ತೆಗೆಸಬೇಡಿ. ಕರಗಿದ ಮೂಳೆಯೊಳಗೆ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಿದರೆ ಅನೇಕ ಸಲ ಅಲ್ಲೇ ಉತ್ತರ ಸಿಗುತ್ತದೆ.

ಅದೇ ದಿನ ಎದೆಯ ಎಕ್ಸ್‌ರೇ ಮೂರು ಕೋನದಲ್ಲಿ, ಜೊತೆಗೆ ರಕ್ತ ಪರೀಕ್ಷೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿದ್ದರೆ ಮುನ್ನೋಟ ಅಷ್ಟು ಚೆನ್ನಾಗಿಲ್ಲ ಎಂದರ್ಥ. ಎದೆ ಸ್ವಚ್ಛವಾಗಿ ಕಂಡರೂ ಮಾತು ಮುಗಿಯಲಿಲ್ಲ. ರೋಗ ಪತ್ತೆಯಾದ ದಿನ ಶ್ವಾಸಕೋಶದಲ್ಲಿ ಕಣ್ಣಿಗೆ ಕಾಣುವ ಗಂಟು ಇರುವುದು ಸುಮಾರು ಹತ್ತರಲ್ಲಿ ಒಂದು ನಾಯಿಗೆ. ಕಾಣದಷ್ಟು ಸಣ್ಣ ಬೀಜಗಳು ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಆಗಲೇ ಬಿದ್ದಿರುತ್ತವೆ. ಕಾಲು ತೆಗೆದರೂ ಕಿಮೋ ಯಾಕೆ ಎಂಬ ಪ್ರಶ್ನೆಗೆ ಇದೇ ಉತ್ತರ.

ಕಾಲು ತೆಗೆಯುವ ಮಾತು

ಇದನ್ನು ಹೇಳಿದಾಗ ಮುಖ ಮುಚ್ಚಿಕೊಳ್ಳುವವರೇ ಹೆಚ್ಚು. ನಾನು ಕೇಳುವುದಿಷ್ಟು: ನಾಯಿ ಈಗ ಎಷ್ಟು ಕಾಲಿನಲ್ಲಿ ನಡೆಯುತ್ತಿದೆ? ಮೂರರಲ್ಲಿ ತಾನೆ? ನಾಲ್ಕನೆಯದು ನೋವು ಹೊರುವುದಕ್ಕಷ್ಟೇ ಉಳಿದಿದೆ. ಬಹುಪಾಲು ನಾಯಿಗಳು ಮರುದಿನವೇ ಎದ್ದು ನಿಲ್ಲುತ್ತವೆ, ಕೆಲವೇ ವಾರಗಳಲ್ಲಿ ಓಡುತ್ತವೆ. ಭೀಮನಂಥ ಭಾರೀ ನಾಯಿಗೂ ಆಗುತ್ತದೆ, ಉಳಿದ ಮೂರು ಕಾಲು, ಸೊಂಟ, ಬೆನ್ನು ಗಟ್ಟಿಯಿವೆಯೇ ಎಂದು ಮೊದಲು ಪರೀಕ್ಷಿಸಿದ್ದರೆ. ಮನೆಯ ನುಣುಪು ನೆಲಕ್ಕೆ ಜಾರದ ಹಾಸು ಹಾಕಿ, ಹೊಟ್ಟೆಯ ಕೆಳಗೆ ಹಿಡಿಯಿರುವ ಪಟ್ಟಿ ತಂದಿಡಿ, ತೂಕ ಏರಲು ಬಿಡಬೇಡಿ. ಮಣಿಕಟ್ಟಿನ ಗೆಡ್ಡೆಗೆ ಕಾಲು ಉಳಿಸುವ ಶಸ್ತ್ರಚಿಕಿತ್ಸೆಯೂ ಇದೆ. ಸೋಂಕು ಪದೇ ಪದೇ ಕಾಡುತ್ತದೆ, ನಾನು ಅದನ್ನು ಶಿಫಾರಸು ಮಾಡುವುದು ಕಡಿಮೆ.

ಈಗ ಕಹಿ ಅಂಕಿಗಳು. ಕಾಲು ತೆಗೆಸಿ ಸುಮ್ಮನಾದರೆ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳು ದಾಟುತ್ತವೆ. ಕಿಮೋ ಸೇರಿಸಿದರೆ ಆ ಗಡಿ ಹತ್ತರಿಂದ ಹನ್ನೆರಡು ತಿಂಗಳಿಗೆ ಸರಿಯುತ್ತದೆ. ಐದರಲ್ಲಿ ಒಂದರಷ್ಟು ನಾಯಿಗಳು ಎರಡು ವರ್ಷ ಕಾಣುತ್ತವೆ. ಸಾಮಾನ್ಯವಾಗಿ ಕೊಡುವುದು ಕಾರ್ಬೋಪ್ಲಾಟಿನ್, ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಮನುಷ್ಯರ ಕಿಮೋ ನೋಡಿದವರು ಅದೇ ಯಾತನೆ ಊಹಿಸಿಕೊಂಡು ಹೆದರುತ್ತಾರೆ. ನಾಯಿಗಳಿಗೆ ಕೊಡುವ ಪ್ರಮಾಣ ಅಷ್ಟು ಕಠಿಣವಲ್ಲ, ಕೂದಲೂ ಹೆಚ್ಚಿನ ತಳಿಗಳಲ್ಲಿ ಉದುರುವುದಿಲ್ಲ. ನೀವು ನೋಡಿಕೊಳ್ಳಬೇಕಾದದ್ದು ಬಿಳಿ ರಕ್ತಕಣ ಕುಸಿಯುವ ದಿನಗಳನ್ನು. ಆಗ ನಾಯಿ ಮಂಕಾಗಿ ಜ್ವರ 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಎಂದು ಕಾಯಬಾರದು. ಔಷಧಿ ಕೊಟ್ಟ ಮೂರು ದಿನ ಮಲಮೂತ್ರವನ್ನು ಕೈಗವಸು ಹಾಕಿಯೇ ತೆಗೆಯಿರಿ, ಗರ್ಭಿಣಿಯರು ಆ ಕೆಲಸಕ್ಕೆ ಹೋಗಬಾರದು.

ಬೆಕ್ಕಿನ ಕಾಲಿನ ಆಸ್ಟಿಯೋಸಾರ್ಕೋಮಾ ಇಷ್ಟು ಕ್ರೂರಿಯಲ್ಲ. ಹರಡುವುದು ಕಡಿಮೆ, ಕಾಲು ತೆಗೆದರೆ ಅಷ್ಟರಿಂದಲೇ ಅನೇಕ ಬೆಕ್ಕುಗಳು ವರ್ಷಗಟ್ಟಲೆ ಬದುಕುತ್ತವೆ. ನಾಯಿಗೆ ಬಳಸುವ ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧಿ ಮಾತ್ರ ಬೆಕ್ಕಿಗೆ ಮಾರಕ. ನಾಯಿಗಳ ಕಾಂಡ್ರೋಸಾರ್ಕೋಮಾ ಕೂಡ ನಿಧಾನದ ಗಿರಾಕಿ, ಅದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮುಖ್ಯ.

ಆಪರೇಷನ್ ಬೇಡ ಎಂದಾದರೆ

ಅದೂ ಚಿಕಿತ್ಸೆಯೇ, ಗುರಿ ಮಾತ್ರ ನೋವು ಇಳಿಸುವುದು. ಕೆಲವೇ ಡೋಸ್ ವಿಕಿರಣ, ಮೂಳೆ ಸವೆಯುವುದನ್ನು ತಡೆಯುವ ಜೊಲೆಡ್ರೊನೇಟ್ ಡ್ರಿಪ್, ಜೊತೆಗೆ ಮೆಲಾಕ್ಸಿಕ್ಯಾಮ್ ಅಥವಾ ಕಾರ್ಪ್ರೊಫೆನ್, ಗ್ಯಾಬಾಪೆಂಟಿನ್‌ನಂಥ ನೋವಿನ ಔಷಧಿ. ಇವನ್ನು ವೈದ್ಯರು ಬರೆದಷ್ಟೇ ಕೊಡಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುಟ್ಟಬೇಡಿ: ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಚರ್ಮದ ತುರಿಕೆಗೆಂದು ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದನ್ನು ಹೇಳಲೇಬೇಕು. ಮೆಲಾಕ್ಸಿಕ್ಯಾಮ್ ಜೊತೆ ಸೇರಿದರೆ ಕರುಳು ತೂತಾಗಬಹುದು. ಊದಿದ ಜಾಗವನ್ನು ತಿಕ್ಕಬೇಡಿ.

ವಿಕಿರಣ ಚೆನ್ನಾಗಿ ಕೆಲಸ ಮಾಡಿದಾಗಲೇ ಒಂದು ಅಪಾಯವಿದೆ. ನೋವು ಹೋದ ಖುಷಿಗೆ ನಾಯಿ ಜಿಗಿಯುತ್ತದೆ, ಟೊಳ್ಳಾದ ಮೂಳೆ ಮುರಿಯುತ್ತದೆ. ಹಗ್ಗ ಹಿಡಿದು ಸಣ್ಣ ನಡಿಗೆ ಸಾಕು, ಮೆಟ್ಟಿಲು ಬೇಡ, ಸೋಫಾ ಬೇಡ.

ಯಾವ ದಾರಿ ಹಿಡಿದರೂ ಎರಡು ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ. ನಡುವೆ ನಾಯಿ ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ನಿಮಿಷಕ್ಕೆ 30 ದಾಟಿ ಅಲ್ಲೇ ನಿಂತರೆ ವೈದ್ಯರಿಗೆ ಹೇಳಿ. ನಾಲ್ಕೂ ಕಾಲು ಒಟ್ಟಿಗೆ ಊದಿ ಬಿಸಿಯಾದರೂ ನೋಡಬೇಕಾದದ್ದು ಎದೆಯನ್ನೇ, ಶ್ವಾಸಕೋಶದ ಗೆಡ್ಡೆಯಿಂದ ಹಾಗಾಗುವುದುಂಟು.

ದಯಾಮರಣದ ಮಾತನ್ನು ನೋವು ಏರಿದ ರಾತ್ರಿ ಆಡಬೇಡಿ, ಮೊದಲ ವಾರದಲ್ಲೇ ಆಡಿ ಮುಗಿಸಿ. ನಾಯಿಗೆ ಇಷ್ಟವಾದ ನಾಲ್ಕೈದು ಸಂಗತಿ ಬರೆದಿಡಿ: ಬಾಗಿಲಿಗೆ ಓಡಿ ಬರುವುದು, ಚೆಂಡು, ಊಟದ ತಟ್ಟೆಯ ಸದ್ದಿಗೆ ಏಳುವುದು, ಹೀಗೆ. ಅವುಗಳಲ್ಲಿ ಎಷ್ಟು ಬಿಟ್ಟುಹೋದರೆ ಸಾಕೆನ್ನಬೇಕು ಎಂದು ಮನೆಯವರೆಲ್ಲ ಸೇರಿ ಈಗಲೇ ಒಪ್ಪಿಕೊಳ್ಳಿ. ಕಾಲು ತೆಗೆಸಲು ಆಗದ ನಾಯಿಯ ಮೂಳೆ ಮುರಿದರೆ ಏನು ಮಾಡುವುದು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ರಾತ್ರಿ ಬಾಗಿಲು ತೆರೆದಿರುವ ಆಸ್ಪತ್ರೆಯ ಫೋನ್ ನಂಬರ್ ಪಕ್ಕದಲ್ಲಿರಲಿ. ಮುರಿದಾಗ ಪಟ್ಟಿ ಕಟ್ಟಲು ಹೋಗಬೇಡಿ. ನೋವಿನಲ್ಲಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ. ಒಂದು ದಪ್ಪ ಕಂಬಳಿಯನ್ನು ಅಡಿಗೆ ಸರಿಸಿ, ಇಬ್ಬರು ಎರಡು ಕಡೆ ಹಿಡಿದು, ಮುರಿದ ಕಾಲು ಮೇಲಿರುವಂತೆ ಎತ್ತಿ ಗಾಡಿಗೆ ಹಾಕಿಕೊಳ್ಳಿ.