ದಡಕ್ಕೆ ಎಳೆಯಬೇಡಿ, ನೀರಲ್ಲೇ ನಿಲ್ಲಿಸಿ: ಶರಾವತಿ ಅಳಿವೆಯಲ್ಲಿ ನನ್ನ ಹಾಯಿ ಕಯಾಕ್

ಹೊನ್ನಾವರದ ಅಳಿವೆಯಲ್ಲಿ ಹಾಯಿ ಕಯಾಕ್ (ಹಾಯಿ ಕಟ್ಟಿ ಪಕ್ಕಕ್ಕೊಂದು ತೇಲು ಜೋಡಿಸಿದ ಕಿರಿದಾದ ದೋಣಿ) ಬಿಟ್ಟು ದಡ ಹತ್ತಿದವರಿಗೆ ಗೊತ್ತಿರುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ಒಂದೋ ಇಳಿತಕ್ಕೆ ಕೆಸರಲ್ಲಿ ಕೂತಿರುತ್ತದೆ, ಇಲ್ಲಾ ಭರತಕ್ಕೆ ತೇಲಿ ಹೋಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು ಒಂದೂವರೆ ಮೀಟರಿನಷ್ಟು ಏರಿಳಿಯುತ್ತದೆ. ಮೇಲೆ ಗೇರುಸೊಪ್ಪದ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಳಿತದ ಸೆಳೆತ ಇನ್ನೂ ಜಾಸ್ತಿ.

ತೆಂಗಿನ ಮರಕ್ಕೆ ಗಿಡ್ಡ ಹಗ್ಗ ಕಟ್ಟಿದಾಗ ಮೂತಿ ಮೇಲಾಗಿ ನೇತಾಡಿತು, ಪಕ್ಕದ ತೇಲು ಕಲ್ಲಿಗೆ ತಾಗಿ ಸೀಳಿತು. ಫೈಬರ್ ಹಾಕಿಸಲು ಸುಮಾರು 1,800 ರೂಪಾಯಿ ಹೋಯಿತು. ಆಮೇಲೆ ದೋಣಿಯನ್ನು ದಡಕ್ಕೆ ಉರುಳಿಸಿಕೊಂಡು ತರಲು ಪಿವಿಸಿ ಪೈಪಿನ ಉರುಳೆ ಮಾಡಿದೆ. ಮರಳಲ್ಲಿ ಚೆನ್ನಾಗಿತ್ತು, ಮಾವಿನಕುರ್ವೆ ದ್ವೀಪದ ಬದಿಯ ಕೆಸರಲ್ಲಿ ಹೂತೇಹೋಯಿತು.

ಈಗ ದೋಣಿಯನ್ನು ದಡಕ್ಕೆ ತರುವುದೇ ಇಲ್ಲ. ಹದಿನೈದು ಮಾರು ಆಚೆ, ಇಳಿತದಲ್ಲೂ ಸೊಂಟದಷ್ಟು ನೀರಿರುವ ಕಡೆ ಲಂಗರು ಹಾಕಿ, ಲಂಗರಿನ ಹಗ್ಗದ ಮೇಲ್ತುದಿಯಲ್ಲಿ ತೇಲುವ ಬುರುಡೆಗೆ ಒಂದು ಸ್ಟೀಲ್ ಬಳೆ ಕಟ್ಟುತ್ತೇನೆ. ಬಳೆಯೊಳಗಿಂದ ಹೋಗಿ ದಡದ ಗೂಟ ಸುತ್ತಿ ಬರುವ ಒಂದೇ ಹಗ್ಗ, ಬಾವಿಯ ರಾಟೆ ಇದ್ದ ಹಾಗೆ. ಅದರ ಒಂದು ಎಳೆಗೆ ದೋಣಿ ಕಟ್ಟಿರುತ್ತೇನೆ. ಒಂದು ಎಳೆ ಜಗ್ಗಿದರೆ ದೋಣಿ ಆಚೆ ಹೋಗುತ್ತದೆ, ಇನ್ನೊಂದು ಜಗ್ಗಿದರೆ ಈಚೆ ಬರುತ್ತದೆ.

ಘಾಟಿನಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ನೋಡಿದ ಕೂಡಲೇ ಅಂದರು, "ಅದು ಆಗೂದಲ್ಲ ತಮಾ, ಹಗ್ಗ ಸುತ್ಕಂತದೆ." ಮೊದಮೊದಲು ಸುತ್ತಿಕೊಂಡಿದ್ದೂ ನಿಜ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಮೇಲಕ್ಕೆ ನೂಕುತ್ತದೆ, ಇಳಿತ ಕೆಳಗೆ ಸೆಳೆಯುತ್ತದೆ, ನಡುವೆ ದೋಣಿ ಗಿರಗಿರ ತಿರುಗಿ ಎರಡೂ ಎಳೆ ಹೆಣೆದುಕೊಂಡು ಬಿಡುತ್ತಿದ್ದವು. ಹಳದಿ ಪ್ಲಾಸ್ಟಿಕ್ ಹಗ್ಗ ತೇಲುವುದರಿಂದ ಒಮ್ಮೆ ಯಂತ್ರದ ದೋಣಿಯೊಂದರ ಫ್ಯಾನಿಗೆ ಸಿಕ್ಕಿ ಕತ್ತರಿಸಿಯೂ ಹೋಯಿತು.

ಕೆಲಸ ಮಾಡಿದ್ದು ಇದು. ಮೂತಿಯನ್ನು ಮಾತ್ರ ಕಟ್ಟದೆ, ಮೂತಿ ಮತ್ತು ಹಿಂಬದಿ ಎರಡನ್ನೂ ಒಂದೇ ಎಳೆಗೆ ಕಟ್ಟಿದೆ. ದೋಣಿ ಹಗ್ಗದ ಉದ್ದಕ್ಕೆ ಮಲಗುತ್ತದೆ, ತಿರುಗಲು ಜಾಗವೇ ಇಲ್ಲ. ಪಕ್ಕದ ತೇಲು ಯಾವಾಗಲೂ ಇನ್ನೊಂದು ಎಳೆಯ ವಿರುದ್ಧ ಬದಿಗಿರಬೇಕು. ದಡದಲ್ಲಿ ಒಂದರ ಬದಲು ಎರಡು ಗೂಟ, ನಡುವೆ ಎರಡು ಮಾರು ಅಂತರ. ಹಗ್ಗ ಮುಳುಗುವ ನೈಲಾನ್, 8 ಎಂಎಂ, 60 ಮೀಟರಿಗೆ ಎರಡೂವರೆ ಕೆಜಿ ತೂಗಿತು, 800 ರೂಪಾಯಿ ಆಗಿರಬೇಕು. ಲಂಗರು, ಬಳೆ, ತಿರುಗಣಿ (ಹಗ್ಗ ಹುರಿಗೊಳ್ಳದಂತೆ ತಿರುಗುವ ಕೊಂಡಿ) ಎಲ್ಲ ಸೇರಿ ಎರಡೂವರೆ ಸಾವಿರ ದಾಟಿಲ್ಲ. ಮೊದಲು ತಂದ 250 ರೂಪಾಯಿಯ ರಾಟೆ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯಿತು, ಬಳೆಯೇ ಸಾಕು.

ಹಾಯಿ ಸುತ್ತಿ ಕಂಬ ಮಲಗಿಸದೆ ಮಾತ್ರ ಹೋಗಬೇಡಿ. ನಿಂತ ಕಂಬವೊಂದೇ ಸಾಕು, ಗಾಳಿ ಲಂಗರು ಕಿತ್ತೇಬಿಡುತ್ತದೆ.

ನಡುವೆ ಸೈಕಲ್ ಟ್ಯೂಬ್ ಸೀಳಿ ಹಗ್ಗದ ಜೊತೆ ಸೇರಿಸಿ, ದೋಣಿಯನ್ನು ತಾನೇ ಆಚೆ ಎಳೆದುಕೊಳ್ಳುವ ಲಂಗರು ಹಗ್ಗ ಮಾಡಿ ನೋಡಿದೆ. ಚೆನ್ನಾಗಿ ಎಳೆಯುತ್ತಿತ್ತು, ಆದರೆ ಬಿಸಿಲು, ಉಪ್ಪಿಗೆ ರಬ್ಬರ್ ಬೇಗ ಬಿರಿಯಿತು. ಚಿರೆಕಲ್ಲಿನ ತುಂಡು ಕೆಸರಲ್ಲಿ ಕಬ್ಬಿಣದ ಲಂಗರಿಗಿಂತ ಚೆನ್ನಾಗಿ ಹಿಡಿಯಿತು, ಹೊತ್ತು ತರುವುದು ಕಷ್ಟ ಅಷ್ಟೇ. ಮೆಟ್ಟಿಲಿರುವ ಧಕ್ಕೆಯಲ್ಲಾದರೆ (ದೋಣಿ ನಿಲ್ಲುವ ಕಟ್ಟೆ) ಕಟ್ಟಿದ ಹಗ್ಗದ ನಡುವೆ ಮರಳು ತುಂಬಿದ 5 ಲೀಟರ್ ಕ್ಯಾನ್ ನೇತುಹಾಕಿ. ನೀರು ಏರಿದರೂ ಇಳಿದರೂ ಸಡಿಲವನ್ನು ಅದೇ ಎಳೆದುಕೊಳ್ಳುತ್ತದೆ.

ಈಗ ಮೂರು ನಾಲ್ಕು ತಾಸು ನಿಶ್ಚಿಂತೆಯಿಂದ ಪೇಟೆ ಸುತ್ತಿ ಬರುತ್ತೇನೆ, ಕಾಲು ಒದ್ದೆಯಾಗುವಷ್ಟರಲ್ಲಿ ದೋಣಿ ಕೈಗೆ ಬಂದಿರುತ್ತದೆ. ಅದೇ ಹಿರಿಯರು ಈಗ ತಮ್ಮ ಪಾತಿ ದೋಣಿಗೂ ಇದನ್ನೇ ಮಾಡಿಕೊಂಡಿದ್ದಾರೆ. ಹಿಂಬದಿಯನ್ನು ಒಂದೇ ಜಗ್ಗಿಗೆ ಬಿಚ್ಚುವ ಗಂಟು, ಲಂಗರು ಕಲ್ಲಿಗೆ ಸಿಕ್ಕರೆ ದಡದಿಂದಲೇ ಬಿಡಿಸುವ ಉಪಾಯ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಘಾಟಿಗೆ ಬಂದರೆ ತೋರಿಸುತ್ತೇನೆ.

ಕಾಸರಕೋಡಿನ ಸಮುದ್ರದ ಬದಿಗೆ ಇದು ನಡೆಯುವುದಿಲ್ಲ. ಅಲೆ ಒಡೆಯುವ ಕಡೆ ಇಬ್ಬರು ಸೇರಿ ಭರತದ ಗೆರೆ ದಾಟಿಸಿ ಹೊತ್ತು, ಗಾಳಿ ಮರಕ್ಕೆ ಕಟ್ಟಿ.